ಮಡಿ ಹೆಂಗಸಿಗೆ ಏಡಿಯ ಔಷಧ

ನಗಬಾರದ ಕಡೆ ನಗುವುದು ನನಗೆ ಹುಟ್ಟಿನಿಂದ ಅಂಟಿದ ಚಾಳಿ. ನನ್ನ ಮದುವೆಯ ಮುಹೂರ್ತದಲ್ಲೇ ನಕ್ಕಿದ್ದೇನೆ. ಮುಂದೆ ಹೆರಿಗೆ ಕೋಣೆಯಲ್ಲಿ ನಕ್ಕು ನರ್ಸಿನಿಂದ ಬೈಸಿಕೊಂಡಿದ್ದೇನೆ. ಆದರೆ ಪುಣೆಯ ಆ ಆಸ್ಪತ್ರೆಯಲ್ಲಿ, ನನ್ನ ಅತ್ತೆಯ ಮೈಯಲ್ಲಿ ಸೀಸ ಸೇರಿಕೊಂಡಿದೆ ಎಂದು ಡಾಕ್ಟರು ಹೇಳುತ್ತಿದ್ದಾಗ ನಕ್ಕಿದ್ದಕ್ಕೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ. ನಾಚಿಕೆಯ ಹಿಂದೆಯೇ ಮತ್ತೆ ನಗುವೂ ಬರುತ್ತದೆ, ಏನು ಮಾಡಲಿ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಹೋಟೆಲಿನವರ ಮಗಳು. ಕರಾವಳಿಯಿಂದ ಬಂದ ನಮ್ಮಪ್ಪ ಪುಣೆಯಂಚಿನ ಕಾತ್ರಜದಲ್ಲಿ, ಸಾತಾರೆ ಕಡೆಯ ಬಸ್ಸು ಹಿಡಿಯುವವರು ನಿಲ್ಲುವ ಜಾಗದಲ್ಲಿ, ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದರು. ಮದುವೆಯಾಗಿ ನಾನು ಬಂದದ್ದು ಊರ ನಡುವಿನ ಪೇಟೆಯ ಒಂದೇ ಅಂಗಳಕ್ಕೆ ಹಲವು ಸಂಸಾರಗಳಿದ್ದ ಹಳೇ ವಾಡೆಯೊಂದರಲ್ಲಿ ಮೂರು ಕೋಣೆಗಳ ಬಾಡಿಗೆ ಮನೆಗೆ. ಅವರು ಧಾರವಾಡದ ಕಡೆಯವರು. ಇವರು, ಅಂದರೆ ನನ್ನ ಗಂಡ, ಭೋಸರಿಯ ಒಂದು ಬ್ಯಾಟರಿ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಇವರು, ನಾನು, ಅತ್ತೆ, ಮೂರೇ ಜನ. ಒಲೆ ಮಾತ್ರ ಎರಡು. ಉಳ್ಳಾಗಡ್ಡಿ ಬೆಳ್ಳುಳ್ಳಿ ಬೇಯುವುದು ನನ್ನ ಒಲೆ. ಇನ್ನೊಂದು ಅತ್ತೆಯದು. ಬೆಳಿಗ್ಗೆ ತಣ್ಣೀರಿನಲ್ಲಿ ಮಿಂದು, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಒಣಗಿಸಿದ್ದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಮ್ಮೊಬ್ಬರ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಸಾರಿಗೆಂದೇ ಒಂದು ಪುಟ್ಟ ಹಿತ್ತಾಳೆ ಬೋಗೋಣಿ ಇತ್ತು. ಹುಣಸೆಹುಳಿ ಧಾರಾಳವಾಗಿ ಹಿಂಡಿ ಕುದಿಸಿದ ಆ ಸಾರಿನ ಘಮ ವಾಡೆಯ ಅಂಗಳದವರೆಗೂ ಹೋಗುತ್ತಿತ್ತು. ಅದರಲ್ಲಿ ಒಂದು ಸೌಟು ನಮಗೆ ಸಿಗುತ್ತಿರಲಿಲ್ಲ. ಮಡಿಯಲ್ಲದ ನನ್ನ ನೆರಳು ಕೂಡ ಆ ಬೋಗೋಣಿಯ ಮೇಲೆ ಬೀಳಬಾರದು ಎಂಬಂತೆ ಅದನ್ನು ಕಾಯುತ್ತಿದ್ದರು.

ಮೊದಲು ಅತ್ತೆಗೆ ಹೊಟ್ಟೆನೋವು ಬಂತು. ಓಂಕಾಳು ಜಗಿದರು, ಕಷಾಯ ಕುಡಿದರು, ಓಣಿಯ ಡಾಕ್ಟರು ಪಿತ್ತವೆಂದು ಬಿಳಿಯ ಔಷಧ ಕೊಟ್ಟರು. ಮುಖ ಬಿಳಿಚಿಕೊಂಡಿತು. ಇದ್ದಕ್ಕಿದ್ದಂತೆ ಸಿಟ್ಟು ಬರತೊಡಗಿತು, ಆದರೆ ಸಿಟ್ಟು ಮೊದಲಿಂದಲೂ ಇದ್ದುದರಿಂದ ನಮಗೆ ವ್ಯತ್ಯಾಸ ತಿಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಚ್ಚೆ ಹಾಕಲು ಹೋದವರು ಹಾಗೇ ನಿಂತುಬಿಟ್ಟರು. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ತೋಳು ಎತ್ತಿದರೆ ಏಳುತ್ತದೆ, ಅಂಗೈ ಏಳುವುದಿಲ್ಲ. ಬೆರಳು ಮಡಚಬಹುದು, ಚಾಚಲಾಗುವುದಿಲ್ಲ. ತಮ್ಮ ಕೈಯನ್ನೇ ಎಡಗೈಯಿಂದ ಎತ್ತಿ ಹಿಡಿದು ನೋಡುವುದು, ಬಿಡುವುದು, ಅದು ಮತ್ತೆ ಬೀಳುವುದು. ತಮ್ಮ ಅನ್ನವನ್ನು ತಾವೇ ಬೇಯಿಸಿ ಉಣ್ಣುವ ಹೆಂಗಸಿಗೆ ಬಲಗೈಯೊಂದು ಹೋದರೆ ಇನ್ನೇನು ಉಳಿಯಿತು? ನನಗೆ ಅವತ್ತು ನಗು ಬರಲಿಲ್ಲ, ಭಯವಾಯಿತು.

ದೊಡ್ಡಾಸ್ಪತ್ರೆಯ ಮರಾಠಿ ಡಾಕ್ಟರು ಕೈ ನೋಡಿ, ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ಕಪ್ಪು ನೀಲಿಯ ಸಣ್ಣ ಗೆರೆ ಇತ್ತು. ರಕ್ತ ಮುಂಬಯಿಗೆ ಹೋಗಿ ವಾರದ ಮೇಲೆ ಉತ್ತರ ಬಂತು. ಸೀಸ. ಇಷ್ಟೆಲ್ಲ ನಡೆಯುವಾಗ ಅತ್ತೆ ಡಾಕ್ಟರಿಗೆ ಒಂದೇ ಮಾತು ಹೇಳಿದ್ದು, ಮರಾಠಿ ಬಿಟ್ಟು ಕನ್ನಡದಲ್ಲಿ: "ನನ್ನ ಕೈ ನನಗ ವಾಪಸ್ ಕೊಡ್ರಿ. ಬ್ಯಾರೆ ಏನೂ ಕೇಳೂದಿಲ್ಲ ನಾ." ಇವರು ಅದನ್ನು ಒಂದಕ್ಷರ ಬಿಡದೆ ಮರಾಠಿಗೆ ತಿರುಗಿಸಿದರು.

ಡಾಕ್ಟರು ಧೈರ್ಯ ತುಂಬಲೆಂದು ಔಷಧದ ಬಗೆ ವಿವರಿಸಿದರು. ಇದಕ್ಕೆ ಕೀಲೇಶನ್ ಎನ್ನುತ್ತಾರೆ, ಔಷಧದಲ್ಲಿ ಗಂಧಕವಿದೆ, ಅದು ರಕ್ತದಲ್ಲಿ ಓಡಾಡಿ ಸೀಸ ಸಿಕ್ಕಲ್ಲೆಲ್ಲ ಎರಡು ಕಡೆಯಿಂದ ಕಚ್ಚಿ ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೇಗೆಂದರೆ, ಎಂದು ಎರಡು ಬೆರಳಿನಿಂದ ಮೇಜಿನ ಮೇಲಿನ ಪೆನ್ನನ್ನು ಚಿವುಟಿ ಎತ್ತಿ, "ಖೇಕಡಾ" ಎಂದರು. ಏಡಿ. ಕೀಲೇಶನ್ ಎಂಬ ಹೆಸರೇ ಹಳೇ ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳದಿಂದ ಬಂದದ್ದಂತೆ. ಅತ್ತೆ ಮೂಗಿಗೆ ಸೆರಗು ಹಿಡಿದರು. ಔಷಧದಲ್ಲಿ ಏಡಿ ಹಾಕಿರುತ್ತಾರೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಡಾಕ್ಟರು ಗಾಬರಿಯಾಗಿ ಇಲ್ಲ ಇಲ್ಲ ಎಂದು ಕೈ ಆಡಿಸಿದರು, ಪೆನ್ನು ಹಾರಿ ಅತ್ತೆಯ ಮಡಿಲಿಗೆ ಬಿತ್ತು. ನಾನು ನಕ್ಕದ್ದು ಆಗಲೇ.

ಮನೆಗೆ ಬಂದ ಮೇಲೆ ಸಂಕಟ ಇನ್ನೂ ಬೆಳೆಯಿತು. ಔಷಧ ಇದ್ದದ್ದು ಕ್ಯಾಪ್ಸೂಲಿನಲ್ಲಿ. ಹೊರಗಿನ ಆ ಕವಚ ಯಾತರದ್ದು ಎಂದು ಅತ್ತೆ ಇವರನ್ನು ಔಷಧದ ಅಂಗಡಿಗೆ ಅಟ್ಟಿದರು. ಅಂಗಡಿಯವನು ಸತ್ಯವಂತ, ದನದ ಎಲುಬಿನಿಂದ ಮಾಡುತ್ತಾರೆ ಎಂದುಬಿಟ್ಟ. ಇವರೂ ಸತ್ಯವಂತರೇ, ಬಂದು ಹಾಗೇ ಹೇಳಿದರು. ಅತ್ತೆ ಡಬ್ಬಿಯನ್ನು ಹೊಸ್ತಿಲಾಚೆ ಇಡಿಸಿದರು. ಕೊನೆಗೆ ಡಾಕ್ಟರಿಗೆ ಫೋನು ಮಾಡಿ, ಕವಚ ಬಿಚ್ಚಿ ಒಳಗಿನ ಪುಡಿಯನ್ನು ದಾಳಿಂಬೆ ರಸದಲ್ಲಿ ಕಲಸಿ ಬರೀ ಹೊಟ್ಟೆಗೆ ಕೊಡಬಹುದೆಂದು ಒಪ್ಪಿಸಿದೆವು. ಬಿಚ್ಚುವ ಕೆಲಸ ನನ್ನದು. ಮೊದಲನೆಯದನ್ನು ಬಿಚ್ಚಿದೆ ನೋಡಿ, ಅಡುಗೆಮನೆ ತುಂಬ ಒಂದು ವಾಸನೆ ಎದ್ದಿತು. ಇಂಥ ವಾಸನೆ ಹುಟ್ಟಿದಾಗಿನಿಂದ ಕಂಡಿಲ್ಲ, ಇದು ಯಾತರ ವಾಸನೆ ಎಂದು ಅತ್ತೆ ಕೇಳಿದರು. ನನ್ನ ಬಾಯಿಗೆ ಬೀಗ ಇದ್ದರಲ್ಲವೇ, "ಕೊಳೆತ ಮೊಟ್ಟೆ" ಎಂದೆ.

ತತ್ತಿಯ ವಾಸನೆ ನಿನಗೆ ಹೇಗೆ ಗೊತ್ತು ಎಂದು ಅತ್ತೆ ಕೇಳಿದರು. ನಮ್ಮ ಹೋಟೆಲಿನ ಹಿಂದೆ ಕೋಳಿ ಸಾಕುವವರಿದ್ದರು ಎಂದು ಹೇಳಿದೆ. ಇವರು ಸೂರಿನ ತೊಲೆ ಎಣಿಸುತ್ತ ಕೂತಿದ್ದರು. ಯಾಕೆಂದರೆ ತಿಂಗಳಿಗೊಮ್ಮೆ ಇವರ ಜೊತೆಯಲ್ಲೇ ನಾನು ಕದ್ದು ಇರಾಣಿ ಹೋಟೆಲಿನಲ್ಲಿ ಆಮ್ಲೆಟ್ ತಿನ್ನುತ್ತಿದ್ದೆ, ಒಮ್ಮೆ ಅಲ್ಲಿ ಕೆಟ್ಟ ಮೊಟ್ಟೆಯೂ ಬಂದಿತ್ತು. ಹೆಸರಿಗೆ ಏಡಿ, ಸೋಂಕಿಗೆ ಎಲುಬು, ವಾಸನೆಗೆ ತತ್ತಿ. ಐವತ್ತೆಂಟು ವರ್ಷ ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸು ಒಂದೇ ಗುಟುಕಿನಲ್ಲಿ ಈ ಮೂರನ್ನೂ ಕಣ್ಣು ಮುಚ್ಚಿ ನುಂಗಿದರು. ಕೈ ಬೇಕಿತ್ತಲ್ಲ.

ಆಮೇಲೆ ಮೂತ್ರದ ಕ್ಯಾನು ಬಂತು. ಔಷಧ ಎಷ್ಟು ಸೀಸ ಎಳೆದಿದೆ ಎಂದು ತಿಳಿಯಲು ಒಂದು ಇಡೀ ಹಗಲು ರಾತ್ರಿಯ ಮೂತ್ರವನ್ನು ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿಯಬೇಕು. ಕ್ಯಾನು ಮುಟ್ಟಿದ ಪ್ರತಿ ಸಲವೂ ಅತ್ತೆಗೆ ತಲೆಸ್ನಾನವಾಗಬೇಕು. ಚಳಿಗಾಲದಲ್ಲಿ ಎಂಟು ಹತ್ತು ಸಲ ಮಿಂದರೆ ಸೀಸಕ್ಕಿಂತ ಮೊದಲು ಶೀತವೇ ಅವರನ್ನು ಒಯ್ಯುತ್ತಿತ್ತು. ದಾರಿ ಹುಡುಕಿದವರು ಅವರೇ. ಪಂಚಾಂಗ ನೋಡಿ ಏಕಾದಶಿಯ ದಿನ ಗೊತ್ತುಮಾಡಿದರು. ಅವತ್ತು ಊಟವಿಲ್ಲ, ಅಡುಗೆಯಿಲ್ಲ, ಆದ್ದರಿಂದ ಮಡಿಯ ಗೋಜಿಲ್ಲ. ಪಡಸಾಲೆಯ ಮೂಲೆಯಲ್ಲಿ ಹಳೇ ಸೀರೆ ಉಟ್ಟು ನೀರು ಕುಡಿಯುತ್ತ, ಜಪ ಮಾಡುತ್ತ, ಸಮಯಕ್ಕೆ ಸರಿಯಾಗಿ ಕ್ಯಾನಿನ ಸೇವೆ ಮಾಡಿದರು. ಮಾರನೆಯ ದಿನ ಇವರು ಅದನ್ನು ಮಡಿಲಲ್ಲಿಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಲ್ಯಾಬಿಗೆ ಹೊರಟರು, ಪಕ್ಕದ ಸೀಟಿನಲ್ಲಿ ನಾನು. ಭೋರ್ ಕಡೆಯ ಒಬ್ಬ ಮುದುಕ ಕ್ಯಾನನ್ನು ಬಹಳ ಹೊತ್ತು ನೋಡಿ, ಕಾಕವಿ ಒಳ್ಳೇ ಬಣ್ಣ ಬಂದಿದೆ, ಎಲ್ಲಿಯದು ಎಂದು ವಿಚಾರಿಸಿದ. ಕಬ್ಬಿನ ಹಾಲು ಕಾಯಿಸಿದ ಆ ಪಾಕ ಎಂದೇ ಅವನು ತಿಳಿದಿದ್ದ. ಸುಳ್ಳು ಬಾರದ ನನ್ನ ಗಂಡ "ಘರಚೀಚ" ಎಂದರು. ಮನೆಯದೇ. ನಾನು ಮುಂದಿನ ಸ್ಟಾಪಿನಲ್ಲಿ ಇಳಿದು ಫುಟ್‌ಪಾತಿನ ಮೇಲೆ ಕೂತು ನಕ್ಕೆ.

ಸೀಸ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲೇ ಇದೆ ಎಂದು ಎಲ್ಲರೂ ತಿಳಿದೆವು. ಬ್ಯಾಟರಿಯೆಂದರೆ ಸೀಸ, ಮಗ ಬ್ಯಾಟರಿ ಕಾರ್ಖಾನೆಯಲ್ಲಿ. ಬಟ್ಟೆಗೆ ಅಂಟಿದ ಧೂಳು ಮನೆಗೆ ಬಂದಿದೆ ಎಂದು ಡಾಕ್ಟರೂ ಹೇಳಿದರು. ಹೊಸ ಕಾನೂನು ಜಾರಿಗೆ ಬಂತು: ಇವರು ಭೋಸರಿಯಿಂದ ಬಂದ ಕೂಡಲೇ ಅಂಗಳದ ನಲ್ಲಿಯಲ್ಲಿ ಪಂಚೆ ಸುತ್ತಿಕೊಂಡು ಮೀಯಬೇಕು, ಬಟ್ಟೆ ಅಲ್ಲೇ ನೆನೆಹಾಕಬೇಕು. ವಾಡೆಯ ಹೆಂಗಸರೆಲ್ಲ ಆ ಹೊತ್ತಿಗೆ ಸರಿಯಾಗಿ ಅಕ್ಕಿ ಆರಿಸಲು ಹೊರಗೆ ಬರುತ್ತಿದ್ದರು. ಅತ್ತೆಗೆ ಮಾತ್ರ ಸಂತೋಷವೋ ಸಂತೋಷ. ಮೂವತ್ತು ವರ್ಷ ತಾವು ಹೇಳಿ ಸೋತ ಮಡಿಯನ್ನು ಮಗನಿಗೆ ಕೊನೆಗೂ ಒಬ್ಬ ಡಾಕ್ಟರು ಕಲಿಸಿದರು ಎಂದು ವಾಡೆಯಲ್ಲೆಲ್ಲ ಹೇಳಿಕೊಂಡು ಬಂದರು.

ರಕ್ತದಲ್ಲಿನ ಸೀಸ ಮೊದಲು ಸ್ವಲ್ಪ ಇಳಿಯಿತು. ತಿಂಗಳು ಬಿಟ್ಟು ನೋಡಿದರೆ ಮತ್ತೆ ಏರಿತ್ತು. ಕೈ ಜೋತುಬಿದ್ದಲ್ಲೇ ಇತ್ತು. ಡಾಕ್ಟರು ನಮ್ಮಿಬ್ಬರ ರಕ್ತವನ್ನೂ ನೋಡಿಸಿದರು. ಕಾರ್ಖಾನೆಗೆ ಹೋಗುವ ಇವರದು ಅತ್ತೆಯದಕ್ಕಿಂತ ಎಷ್ಟೋ ಕಡಿಮೆ, ನನ್ನದು ಇನ್ನೂ ಕಡಿಮೆ. ಆಗ ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: ನಿಮ್ಮ ತಾಯಿ ನೀವು ತಿನ್ನದ ಬೇರೆ ಏನಾದರೂ ತಿನ್ನುತ್ತಾರೆಯೇ? ಇವರು ಎದೆಯುಬ್ಬಿಸಿ, ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ಊಟ ನಮ್ಮ ಅವ್ವನದು, ಹೊರಗಿನದು ಒಂದು ಕಾಳೂ ಮುಟ್ಟುವುದಿಲ್ಲ, ಮಡಿಯಿಲ್ಲದ ಕೈ ಸೋಂಕುವುದಿಲ್ಲ ಎಂದು ಹೇಳಿದರು. ನಾನೂ ತಲೆಯಾಡಿಸಿದೆ. ಶುದ್ಧವಾದದ್ದರಲ್ಲಿ ವಿಷ ಇದ್ದೀತು ಎಂದು ನಮ್ಮಂಥವರಿಗೆ ಹೊಳೆಯುವುದಾದರೂ ಹೇಗೆ? ಡಾಕ್ಟರು ಕುಂಕುಮ, ಕಾಡಿಗೆ, ಮನೆಯ ಚೂರ್ಣ ಭಸ್ಮ ಎಲ್ಲ ತರಿಸಿ ಪರೀಕ್ಷೆಗೆ ಕಳಿಸಿದರು. ಎಲ್ಲ ಚೊಕ್ಕ. ಆಗ ಅವರಿಗೂ ಸಿಟ್ಟು ಬಂತು. ನಾನು ಒಂದು ಕಡೆಯಿಂದ ಮೊಗೆದು ಚೆಲ್ಲುತ್ತಿದ್ದೇನೆ, ಇನ್ನೊಂದು ಕಡೆ ನೀವು ನಲ್ಲಿ ಬಿಟ್ಟಿದ್ದೀರಿ, ಹೀಗೇ ಆದರೆ ಕೈ ಇರಲಿ ಬುದ್ಧಿಯೂ ಕೈಬಿಡುತ್ತದೆ ಎಂದರು. ಐದು ದಿನ ಆಸ್ಪತ್ರೆಯಲ್ಲಿಟ್ಟು ನರಕ್ಕೆ ಬಾಟಲಿ ಹಚ್ಚಬೇಕೆಂದು ಬರೆದರು.

ಆಸ್ಪತ್ರೆಯ ಅನ್ನವನ್ನು ಅತ್ತೆ ಮುಟ್ಟುವ ಮಾತೇ ಇರಲಿಲ್ಲ. ಕೈ ಬಿದ್ದಾಗಿನಿಂದ ಬೇರೆ ಗತಿಯಿಲ್ಲದೆ ಅವರು ನನಗೆ ಮಡಿಯ ದೀಕ್ಷೆ ಕೊಟ್ಟಿದ್ದರು. ನಾನು ಮಿಂದು, ಒದ್ದೆ ಸೀರೆಯಲ್ಲಿ ನಡುಗುತ್ತ, ಅವರ ಅದೇ ಬೋಗೋಣಿಯಲ್ಲಿ ಸಾರು ಕುದಿಸಿ, ಇವರು ಎರವಲು ತಂದ ಸ್ಕೂಟರಿನ ಹಿಂದೆ ಕೂತು ಒಯ್ಯುತ್ತಿದ್ದೆ. ಎಡಗೈಯ ನರದಲ್ಲಿ ಬಾಟಲಿಯ ಔಷಧ ಹನಿ ಹನಿಯಾಗಿ ಇಳಿಯುತ್ತಿತ್ತು. ಸಾರನ್ನು ನಾನು ಕುಡಿಸುತ್ತಿದ್ದೆ. ಹುಳಿ ಸಾಲದು ಎಂದು ಅವರು ದಿನಾ ಹೇಳುತ್ತಿದ್ದರು, ನಾನು ದಿನಾ ಇನ್ನಷ್ಟು ಹುಣಸೆ ಹಿಂಡುತ್ತಿದ್ದೆ.

ಮೂರನೆಯ ದಿನ ಬೋಗೋಣಿ ತೊಳೆಯಲು ನೀರಿರಲಿಲ್ಲ. ನರ್ಸು ಬಿಟ್ಟುಹೋಗಿದ್ದ ಬಿಳಿ ಹತ್ತಿಯ ಉಂಡೆಯಿಂದ ಒಳಗೆ ಒರೆಸಿದೆ. ಹತ್ತಿ ಕಪ್ಪಾಯಿತು. ಇನ್ನೊಂದರಲ್ಲಿ ಒರೆಸಿದೆ, ಅದೂ ಕಪ್ಪಾಯಿತು. ಹಿತ್ತಾಳೆಯಲ್ಲಿ ಹುಳಿ ಬೇಯಿಸಬೇಕಾದರೆ ಒಳಗೆ ತವರದ ಕಲಾಯಿ ಹಾಕಿಸಬೇಕು, ಒಳ್ಳೇ ತವರ ಒರೆಸಿದರೆ ಬಣ್ಣ ಬಿಡುವುದಿಲ್ಲ, ಸೀಸ ಬೆರೆತದ್ದು ಕಪ್ಪು ಬಿಡುತ್ತದೆ. ಇದು ಹೋಟೆಲಿನ ಮಗುವಿಗೂ ಗೊತ್ತಿರುವ ಮಾತು. ಬೋಗೋಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀದಾ ಕಾತ್ರಜಕ್ಕೆ ಹೋದೆ. ಅಪ್ಪ ಗಲ್ಲಾದಿಂದ ಎದ್ದು ಬಂದು, ಬಿಲ್ಲಿನ ಕಾಗದವನ್ನು ಒಳಗೆ ಉಜ್ಜಿ ನೋಡಿ, ನನ್ನ ಮುಖ ನೋಡಿದರು. "ತವರ ಬಗ್ಗಿಸಿ ಕೇಳಿದ್ಯಾ ಮಾರಾಯ್ತಿ?"

ಕೇಳಿರಲಿಲ್ಲ. ಕಲಾಯಿಯವನು ಬಂದರೆ ನಮ್ಮಪ್ಪ ಮೊದಲು ಅವನ ತವರದ ಕಡ್ಡಿ ಇಸಕೊಂಡು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ನಿಜವಾದ ತವರ ಕಿರ್ರ್ ಎಂದು ಕೂಗುತ್ತದೆ. ಸೀಸ ಬೆರೆತದ್ದು ಸುಮ್ಮನೆ ಬಗ್ಗುತ್ತದೆ. ಚಿಕ್ಕಂದಿನಲ್ಲಿ ಆ ಕೂಗು ಕೇಳಲು ನಾನು ಜಗಳವಾಡುತ್ತಿದ್ದೆ. ಹಿಂದಿನ ವರ್ಷ ದೀಪಾವಳಿಗೆ ಅತ್ತೆಯ ಬೋಗೋಣಿಯ ಕಲಾಯಿ ಸವೆದಿತ್ತು. ಬೆಂಕಿಯಲ್ಲಿ ಕಾಯುವ ಪಾತ್ರೆಗೆ ಮೈಲಿಗೆಯಿಲ್ಲವಾದ್ದರಿಂದ, ಅತ್ತೆಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ, ಕಲಾಯಿ ಹಾಕಿಸಿ ತರುತ್ತೇನೆ ಎಂದು ನಾನೇ ಮುಂದೆ ಬಿದ್ದು ಒಯ್ದಿದ್ದೆ. ರಸ್ತೆಬದಿ ತಿದಿ ಊದುತ್ತಿದ್ದ ಒಬ್ಬನ ಮುಂದೆ ಇಟ್ಟು, ಎದುರಿನ ಇರಾಣಿ ಹೋಟೆಲಿಗೆ ಓಡಿದ್ದೆ. ಅಲ್ಲಿ ಇವರು ಕಾಯುತ್ತಿದ್ದರು. ಆಮ್ಲೆಟ್ ತಣ್ಣಗಾಗುತ್ತಿತ್ತು.

ಡಾಕ್ಟರಿಗೂ ಇವರಿಗೂ ಅತ್ತೆಗೂ ಕಲಾಯಿ ಕೆಟ್ಟದ್ದು ಎಂದಷ್ಟೇ ಹೇಳಿದೆ. ಆಮ್ಲೆಟಿನ ಭಾಗವನ್ನು ನುಂಗಿಕೊಂಡೆ. ಬೋಗೋಣಿ ಅಟ್ಟಕ್ಕೆ ಹೋಯಿತು, ಸ್ಟೀಲಿನ ಪಾತ್ರೆ ಬಂತು, ಸ್ಟೀಲಿನ ಸಾರು ನಲ್ಲಿ ನೀರಿನ ಹಾಗಿದೆ ಎಂದು ಅತ್ತೆ ಮೂಗು ಮುರಿದರು. ಹೊಸದಾಗಿ ಮತ್ತೆ ಔಷಧ ಶುರುವಾಯಿತು. ಈ ಸಲ ಏಡಿ ಹಿಡಿದದ್ದು ಹಿಡಿದ ಹಾಗೇ ಹೊರಗೆ ಹೋಯಿತು. ರಕ್ತದ ಲೆಕ್ಕ ಪ್ರತಿ ಸಲವೂ ಇಳಿಯಿತು, ಹೊಟ್ಟೆನೋವು ನಿಂತಿತು, ಮುಖಕ್ಕೆ ಕೆಂಪು ಬಂತು. ಕೈ ಮಾತ್ರ ಹಾಗೇ. ನರ ಸೋತಿದೆ, ತಿಂಗಳುಗಟ್ಟಲೆ ಬೇಕು, ಬಂದರೂ ಬರಬಹುದು ಬಾರದೆಯೂ ಇರಬಹುದು ಎಂದರು ಡಾಕ್ಟರು. ನಾನು ದಿನಾ ಎರಡು ಹೊತ್ತು ಆ ಕೈಯನ್ನು ಎತ್ತಿ ಇಳಿಸುವ ವ್ಯಾಯಾಮ ಮಾಡಿಸುತ್ತಿದ್ದೆ. ಅಷ್ಟು ಹೊತ್ತೂ ಅವರು ಕಲಾಯಿಯವನಿಗೆ ಶಾಪ ಹಾಕುತ್ತಿದ್ದರು.

ಅವನನ್ನು ನಾನು ಹುಡುಕಿಕೊಂಡು ಹೋಗಿದ್ದೆ. ಬಾಯಿಗೆ ಬಂದ ಹಾಗೆ ಬೈಯಬೇಕೆಂದೇ ಹೋದದ್ದು. ಅದೇ ಜಾಗದಲ್ಲಿ ಹೊಗೆಯ ನಡುವೆ ಕೂತಿದ್ದ. ಗಿರಾಕಿ ಬಂದಳೆಂದು ನಕ್ಕ. ಅವನ ಹಲ್ಲಿನ ಬುಡದಲ್ಲೂ ಅದೇ ಗೆರೆ ಇತ್ತು, ಅತ್ತೆಯದಕ್ಕಿಂತ ಅಗಲವಾಗಿ. ಬೈಯುವುದನ್ನು ಬಿಟ್ಟು ಆಸ್ಪತ್ರೆಯ ಹೆಸರು ಬರೆದು ಕೊಟ್ಟೆ, ಗೆರೆ ತೋರಿಸಿಕೋ ಎಂದೆ. ಅವನು ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು ಮತ್ತೆ ತಿದಿ ಒತ್ತತೊಡಗಿದ. ಹೋದನೋ ಇಲ್ಲವೋ ತಿಳಿಯದು.

ಅದಾದ ಮೇಲೆ ಅತ್ತೆಯ ಶಾಪ ಕೇಳುವುದು ಕಷ್ಟವಾಯಿತು. ಒಂದು ಮಧ್ಯಾಹ್ನ ವ್ಯಾಯಾಮ ಮುಗಿದಿತ್ತು, ನಾನು ಅವರ ಎದುರಿಗೆ ಕೂತು ಅವರಿಗಾಗಿ ಹೂಬತ್ತಿ ಹೊಸೆಯುತ್ತಿದ್ದೆ. ಅವರು ಎಂದಿನ ಹಾಗೆ, "ಆ ಕಲಾಯಿಯವನ ಕೈ ಸೇದಿ ಹೋಗ್ಲಿ" ಎಂದರು. ನನಗೆ ತಡೆಯಲಾಗಲಿಲ್ಲ.

"ಅವನಿಗೆ ಬೈಬೇಡಿ ಅತ್ತೆ. ತಪ್ಪು ನಂದು. ತವರ ಬಗ್ಗಿಸಿ ನೋಡುದು ನಂಗೆ ಗೊತ್ತುಂಟು. ನೋಡ್ಲಿಲ್ಲ. ಎದುರಿನ ಇರಾಣಿಯಲ್ಲಿ ಕೂತು ಆಮ್ಲೆಟ್ ತಿಂತಾ ಇದ್ದೆ."

ಅತ್ತೆ ನನ್ನನ್ನು ನೋಡಿದರು. ಆಮ್ಲೆಟ್ ಎಂದರೇನು ಎಂದು ಅವರು ಕೇಳಲಿಲ್ಲ. "ಅವನೂ ಇದ್ದನೇನು?" ಎಂದರು. ತಮ್ಮ ಮಗನ ಮಾತು. ಹೌದೆಂದು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಅಷ್ಟು ಹೆದರಿದ್ದು ಅದೇ ಮೊದಲು. ಅವರ ಮುಖ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು, ನನಗೆ ಹೊಡೆಯಲು ಕೈ ಎತ್ತಿದರು.

ಕೈ ಎದ್ದಿತು. ತೋಳಷ್ಟೇ ಅಲ್ಲ, ಮಣಿಕಟ್ಟಿನಿಂದ ಮೇಲಕ್ಕೆ ಅಂಗೈ ಎದ್ದು ನಿಂತಿತ್ತು, ಬೆರಳು ಅಗಲವಾಗಿ ಚಾಚಿದ್ದವು. ನಾನೂ ನೋಡಿದೆ, ಅವರೂ ನೋಡಿದರು. ಇಬ್ಬರೂ ಉಸಿರು ಹಿಡಿದು ಆ ಕೈಯನ್ನೇ ನೋಡುತ್ತ ಕೂತೆವು. ಇಳಿಸಿದರೆ ಮತ್ತೆ ಏಳುವುದೋ ಇಲ್ಲವೋ ಎಂಬ ಭಯ ಅವರ ಕಣ್ಣಲ್ಲಿತ್ತು, ನನ್ನ ಕಣ್ಣಲ್ಲೂ ಇದ್ದಿರಬೇಕು.

"ಹೊಡೀರಿ ಅತ್ತೆ," ಎಂದೆ.

ಹೊಡೆದರು. ಇಷ್ಟು ತಿಂಗಳ ಏಡಿ, ಎಲುಬು, ತತ್ತಿ ಎಲ್ಲ ಸೇರಿ ಎಡಗೆನ್ನೆಯ ಮೇಲೆ ಫಟಾರನೆ ಬಿತ್ತು. ನಾನು ನಗತೊಡಗಿದೆ, ಅವರು ಅಳತೊಡಗಿದರು, ಆಮೇಲೆ ಯಾರು ನಗುವವರು ಯಾರು ಅಳುವವರು ತಿಳಿಯದೆ ಹೂಬತ್ತಿಯ ಮೇಲೆಲ್ಲ ಹೊರಳಿದೆವು. ಸಂಜೆ ಇವರು, ಅತ್ತೆ ಇನ್ನೂ ರದ್ದುಮಾಡದ ಕಾನೂನಿನಂತೆ, ಅಂಗಳದಲ್ಲಿ ಮಿಂದು ಒಳಗೆ ಬಂದವರು ನನ್ನ ಕೆನ್ನೆ ನೋಡಿ ಗಾಬರಿಯಾದರು. ಏನಾಯಿತು, ಯಾರು ಹೊಡೆದರು ಎಂದು ಕೇಳಿದರು. ನಾನು ಇವರ ಕೈ ಹಿಡಿದೆಳೆದು ದೀಪದ ಕೆಳಗೆ ನಿಂತು ಕೆನ್ನೆ ತೋರಿಸಿದೆ.

"ಎಣಿಸಿ ನೋಡಿ," ಎಂದೆ. "ಐದೂ ಬೆರಳುಂಟು."